ಐದನೆಯ ಕಡಗದ ಕಲೆಗಳು

ನಮ್ಮ ಊರಿನಲ್ಲಿ ಸೂರ್ಯ ವರ್ಷಕ್ಕೆ ಒಂದು ದಿನ ಸೂಟಿ ಹಾಕುತ್ತಾನೆ. ಬೆಳಕು ಇರುತ್ತದೆ, ಅವನಿರುವುದಿಲ್ಲ. ಬೂದಿ ಕಲಸಿದ ನೀರಿನಂಥ ಬೆಳಕು. ಯಾರ ಕಾಲ ಕೆಳಗೂ ನೆರಳು ಬೀಳುವುದಿಲ್ಲ. ನಾನು ಮದುವೆಯಾಗಿ ಬಂದ ಮೊದಲ ವರ್ಷ ಅದನ್ನು ನೋಡಿ ಹೆದರಿ ಬಾಗಿಲ ಹಿಂದೆ ನಿಂತುಬಿಟ್ಟಿದ್ದೆ. ನಮ್ಮ ಅತ್ತೆ, "ಅಂಜಬ್ಯಾಡ ಬಾ, ಅವಗೂ ದಣಿವು ಅನ್ನೂದು ಇರತೈತಿಲ್ಲ?" ಎಂದು ಹಸಿ ಧೋತರವೊಂದನ್ನು ಕೈಗಿತ್ತು ಮಾಳಿಗೆ ಹತ್ತಿಸಿದ್ದರು.

ಆ ದಿನ ಊರಿನಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ. ಹಿಂದಿನ ದಿನ ತಟ್ಟಿಟ್ಟ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು, ಅಷ್ಟೇ ಊಟ. ಕಮ್ಮಾರ ತಿದಿ ಕಳಚಿಟ್ಟು ಮಲಗುತ್ತಾನೆ. ಬೀಡಿ ಸೇದುವವರು ಹಳ್ಳ ದಾಟಿ ಹೋಗಿ ಸೇದಿ ಬರಬೇಕು. ಜ್ವರ ಬಂದವರನ್ನು ಚಕ್ಕಡಿಯಲ್ಲಿ ಹಾಕಿ ಊರ ಹೊರಗಿನ ಬೇವಿನ ತೋಪಿಗೆ ಕಳಿಸುತ್ತೇವೆ. ಕಾವಿಗೆ ಕೂತ ಕೋಳಿಯೂ ಬುಟ್ಟಿಯ ಸಮೇತ ಅದೇ ಚಕ್ಕಡಿಯಲ್ಲಿ ಹೋಗುತ್ತದೆ. ಯಾಕೆಂದರೆ ಅವತ್ತು ನಮ್ಮ ನಲವತ್ತು ಮಾಳಿಗೆಗಳ ಮೇಲೆ ಬೀಳುವುದು ಹಳೆಯ ಕಾವೊಂದೇ. ಎಲ್ಲ ಇನ್ನೂ ಒಂದೇ ಬೆಂಕಿಯಾಗಿದ್ದ ಕಾಲದ ಕಾವು ಅದು. ಆರುತ್ತ ಆರುತ್ತ ಬಂದು ಈಗ ಇಷ್ಟೇ ಉಳಿದಿದೆ. ಎಲ್ಲ ಕಡೆಗೂ ಒಂದೇ ಸಮ ಬೀಳುತ್ತದೆ ಅನ್ನಿಸುತ್ತದೆ. ಆದರೆ ಲಕ್ಷ ಕಾಳಿನಲ್ಲಿ ಒಂದು ಕಾಳಿನಷ್ಟು ಇಲ್ಲಿ ಹೆಚ್ಚು, ಅಲ್ಲಿ ಕಡಿಮೆ. ಆ ಒಂದು ಕಾಳಿನ ಹೆಚ್ಚು ಕಡಿಮೆಯೇ ಮುಂದೆ ಬೆಳೆದು ಚುಕ್ಕಿ, ನೆಲ, ಹಳ್ಳ, ನಾವು ಎಲ್ಲ ಆದದ್ದು.

ಧೋತರವನ್ನು ಗಂಜಿ ಮತ್ತು ನೀಲಿ ಕಲಸಿದ ನೀರಿನಲ್ಲಿ ಅದ್ದಿ ಮಾಳಿಗೆಯ ಮೇಲೆ ಹಾಸಿ ಎಲ್ಲರೂ ಕೆಳಗೆ ಇಳಿದುಬಿಡಬೇಕು. ಕಾವು ಒಂದು ಕಾಳು ಹೆಚ್ಚಿರುವಲ್ಲಿ ಬಟ್ಟೆ ಬೇಗ ಆರಿ ಬೆಳ್ಳನೆಯ ಕಲೆ ಉಳಿಯುತ್ತದೆ. ಕಡಿಮೆ ಇರುವಲ್ಲಿ ನೀಲಿ ಕೂಡುತ್ತದೆ. ಮರುದಿನ ನಲವತ್ತು ಮನೆಗಳ ಬಟ್ಟೆಗಳನ್ನು ಮಾಳಿಗೆಗಳು ಇರುವ ಕ್ರಮದಲ್ಲೇ ಜೋಡಿಸಿ ಹೊಲಿಯುತ್ತೇವೆ. ಅದು ಊರ ಕೌದಿ. ಅದನ್ನು ಶಾಲೆಯ ಬಯಲಿನಲ್ಲಿ ಹಾಸಿ ಏಳು ತಾಮ್ರದ ಕಡಗಗಳಿಂದ ಕಲೆಗಳನ್ನು ಅಳೆಯುತ್ತೇವೆ. ಮೊದಲನೆಯ ಕಡಗ ಕೊಡದ ಬಾಯಷ್ಟು ದೊಡ್ಡದು, ಏಳನೆಯದು ಕಾಲುಂಗುರದಷ್ಟು. ಐದನೆಯದು ಕೂಸಿನ ಕೈಬಳೆಯಷ್ಟು. ಯಾವ ಕಡಗಕ್ಕೆ ಎಷ್ಟು ಕಲೆ ಹೊಂದಿದವು ಎಂದು ಬರೆದುಕೊಂಡರೆ, ಶುರು ಹೇಗಾಯಿತು ಎಂಬುದರ ಗುರುತು ಸಿಗುತ್ತದೆ.

ಶುರುವಿನ ಲೆಕ್ಕವನ್ನು ನಮ್ಮಲ್ಲಿ ಯಾರು ಬೇಕಾದರೂ ಹೇಳಬಹುದು. ಆದರೆ ಹೇಳಿದವರು ತಮ್ಮ ಲೆಕ್ಕದ ಪ್ರಕಾರ ತಾವೇ ಒಂದು ಕೌದಿ ಮಾಡಿ, ಅಳೆದು, ಅಂಕಿಗಳನ್ನು ಸೂಟಿಗೆ ಮುಂಚೆಯೇ ಮಾಸ್ತರರ ಕೈಗೆ ಬರೆದು ಕೊಡಬೇಕು. ಆಮೇಲೆ ತಿದ್ದುವಂತಿಲ್ಲ. ಊರ ಕೌದಿಗೆ ಹೊಂದಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಹನ್ನೆರಡು ಕಲೆ ಆಚೀಚೆ ಆದರೆ ಮಾಫಿ. ಹೊಂದಿದ ಲೆಕ್ಕವನ್ನು ಶಾಲೆಯ ಗೋಡೆಯ ಕರಿ ಹಲಗೆಯ ಮೇಲೆ, ಹೇಳಿದವರ ಹೆಸರಿನ ಸಮೇತ ಸುಣ್ಣದಲ್ಲಿ ಬರೆಯುತ್ತಾರೆ. ಮಕ್ಕಳು ಪ್ರತಿದಿನ ಅದನ್ನು ಓದಿಯೇ ಒಳಗೆ ಹೋಗುವುದು.

ಹತ್ತೊಂಬತ್ತು ವರ್ಷ ಆ ಹಲಗೆಯ ಮೇಲೆ ಇದ್ದದ್ದು ನನ್ನ ಹೆಸರು, ಗುರುಸಿದ್ದವ್ವ.

ನನಗೆ ಅಕ್ಷರ ಬಂದದ್ದು ನಲವತ್ತೆರಡನೆಯ ವಯಸ್ಸಿಗೆ. ಅಡಿವೆಪ್ಪ ಮಾಸ್ತರರು ಆಗ ರಾತ್ರಿ ಶಾಲೆ ನಡೆಸುತ್ತಿದ್ದರು. ನಾನು ಮುಸುರೆ ತಿಕ್ಕಿ, ಒಲೆಗೆ ಬೂದಿ ಮುಚ್ಚಿ ಹೋಗುತ್ತಿದ್ದೆ. ಮೂರು ವರ್ಷಕ್ಕೆ ಮಾಸ್ತರರು ಕಡಗಗಳನ್ನು ನನ್ನ ಕೈಗೆ ಕೊಟ್ಟರು. "ಈ ಊರಾಗ ಒಂದು ಕಲೆ ಮುಂದ ಕುಂತು ಅದು ಎರಡನೇದೋ ಮೂರನೇದೋ ಅಂತ ಅರ್ಧ ತಾಸು ನೋಡೂ ತಾಳ್ಮಿ ಇರೂದು ನಿನಗೊಬ್ಬಾಕಿಗೇ" ಎಂದಿದ್ದರು. ಅದು ನಿಜ. ಸೂಟಿಯ ದಿನ ಬಟ್ಟೆಯ ಹತ್ತಿರ ಹೋಗುವ ಮೊದಲು ಕೈಯನ್ನು ತಣ್ಣೀರಿನ ಬೋಗುಣಿಯಲ್ಲಿ ಅದ್ದಿ, ನೂರು ಎಣಿಸಿ, ಸೆರಗಿಗೆ ಒರೆಸಿಕೊಂಡು ಹೋಗಬೇಕೆಂಬ ಪದ್ಧತಿ ನಾನೇ ಹಾಕಿದ್ದು. ಮೈಯ ಬಿಸಿ ಬಟ್ಟೆಗೆ ತಾಗಬಾರದು.

ನನ್ನ ಲೆಕ್ಕ ನನಗೆ ಸಿಕ್ಕಿದ್ದು ಮಾಳಿಗೆಗೆ ಮಣ್ಣು ಬಳಿಯುವಾಗ. ಒಂದೇ ಹದದ ಕೆಸರು. ಆರುತ್ತ ಆರುತ್ತ ಒಂದು ಬಿರುಕು ಈಗ, ಇನ್ನೊಂದು ಊಟವಾದ ಮೇಲೆ, ಮತ್ತೊಂದು ನಾಳೆ, ತನಗೆ ಬೇಕಾದಾಗ ಬಿಡುತ್ತದೆ. ಶುರುವೂ ಹಾಗೇ ಇದ್ದಿರಬೇಕು, ಬಿರುಕಿನ ಬದಿಗೆ ಕಾಳು ಕೂಡಿರಬೇಕು ಎಂದೆ. ಹರಿವಾಣದಲ್ಲಿ ಕೆಸರು ಒಣಗಿಸಿ, ಬಟ್ಟೆಯ ಮೇಲೆ ಅಚ್ಚು ತೆಗೆದು, ನನ್ನ ಕೌದಿ ಮಾಡಿದೆ. ಮೂರನೆಯ ಕಡಗಕ್ಕೆ ಮುನ್ನೂರು ಕಲೆ ಬರಬೇಕು ಎಂದು ಬರೆದುಕೊಟ್ಟೆ. ಊರ ಕೌದಿಯಲ್ಲಿ ಬಂದದ್ದು ಇನ್ನೂರಾ ತೊಂಬತ್ತಾರು. ಮಾಸ್ತರರು ಎಲ್ಲರೆದುರು ಎದ್ದು ನಿಂತು ನನಗೆ ಕೈ ಮುಗಿದರು. ಸಣ್ಣ ಕಡಗಗಳಿಗೆ ಆಗ ಕೆಲಸವಿರಲಿಲ್ಲ. ಒರಟು ಧೋತರದ ನೂಲಿನಲ್ಲಿ ಅಷ್ಟು ಸಣ್ಣ ಕಲೆ ನಿಲ್ಲುತ್ತಲೇ ಇರಲಿಲ್ಲ.

ಈಗ ಶಿವಲೀಲಾಳ ಮಾತು. ಅವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಅಂಗಳ ಒಂದೇ, ಮಾಳಿಗೆ ಒಂದೇ, ಒಲೆ ಬೇರೆ. ಹಗಲು ಶಾಲೆಯಲ್ಲಿ ಓದಿದವಳು. ಅವಳ ಅಕ್ಷರ ಸಾಲಾಗಿ ಹಾರುವ ಕೊಕ್ಕರೆಗಳ ಹಾಗೆ. ನನ್ನದು ಸಂತೆಯಿಂದ ಬಿಟ್ಟ ಕುರಿಗಳ ಹಾಗೆ. ಅವಳ ರೊಟ್ಟಿ ಉಬ್ಬುತ್ತಿತ್ತು. ಅವಳು ನಕ್ಕರೆ ನಮ್ಮ ಮನೆಯವರು ಕೂಡ ಪಡಸಾಲೆಯಿಂದ ಕತ್ತು ಚಾಚಿ "ಏನಾತು?" ಎಂದು ಕೇಳುತ್ತಿದ್ದರು. ನಾನು ನಕ್ಕರೆ ಯಾರೂ ಏನಾಯಿತೆಂದು ಕೇಳಿದ್ದಿಲ್ಲ. ಕಡಗ ಹಿಡಿಯುವುದನ್ನು ಕಲಿಸಿ ಎಂದು ಬಂದಾಗ ಕಲಿಸಿದೆ. ಕಲಿಸಲಾರೆ ಎನ್ನಲು ಕಾರಣ ಸಿಗಲಿಲ್ಲ. ಒಂದೇ ತಿಂಗಳಿಗೆ ಕಲಿತಳು. ನನಗೆ ಮೂರು ವರ್ಷ ಹಿಡಿದಿತ್ತು.

ಹೋದ ವರ್ಷದ ಸೂಟಿಗೆ ಎರಡು ತಿಂಗಳಿರುವಾಗ ಶಿವಲೀಲಾ ತನ್ನ ಲೆಕ್ಕ ಹೇಳುತ್ತಾಳೆಂದು ಮಾಸ್ತರರು ಊರನ್ನು ಶಾಲೆಯ ಕಟ್ಟೆಗೆ ಕರೆದರು. ಮಾಸ್ತರರಿಗೆ ಈಗ ಎಂಬತ್ತು ದಾಟಿದೆ, ಕೋಲು ಹಿಡಿದೇ ಬಂದರು. ಶಿವಲೀಲಾ ಒಂದು ಹಲಗೆ ವಾದ್ಯವನ್ನು ಮೂರು ಕಲ್ಲುಗಳ ಮೇಲೆ ಮಲಗಿಸಿ, ಅದರ ಮೇಲೆ ಹರಿವಾಣ ಇಟ್ಟು, ಬೆರಳ ಗಾತ್ರ ನೀಲಿ ನೀರು ಹೊಯ್ದಳು. ಹಲಗೆಗೆ ಕೆಳಗಿನಿಂದ ಒಂದೇ ಒಂದು ಏಟು ಹೊಡೆದಳು. ನೀರಿನ ಮೈಯೆಲ್ಲ ದೊಡ್ಡ ಅಲೆ, ಸಣ್ಣ ಅಲೆ. ಒಂಬತ್ತು ಎಣಿಸಿ ಅದರ ಮೇಲೆ ಬಟ್ಟೆ ಬಿಟ್ಟಳು.

"ನೋಡ್ರಿ, ಒಂದ ಹೊಡತ" ಎಂದಳು. "ಎಲ್ಲಾ ಅಲೆ ಆ ಹೊಡತಕ್ಕ ಕೂಡೇ ಎದ್ದಾವ. ಬಟ್ಟಿ ಬೀಳೂ ಹೊತ್ತಿಗೆ ಒಂದು ಅಳತಿವು ಪೂರಾ ಎದ್ದಿರತಾವ. ಅದಕಿಂತ ಸಣ್ಣವು ಎದ್ದು ಇಳದು ಸಪಾಟ ಆಗಿರತಾವ. ಇನ್ನೂ ಸಣ್ಣವು ಮತ್ತ ಎದ್ದಿರತಾವ. ಅದಕ್ಕ ಕಲೆ ಎಣಿಸಿದ್ರ ಮೂರನೇ ಕಡಗಕ್ಕ ಒಂದು ಗುಡ್ಡ, ನಾಕಕ್ಕ ತಗ್ಗು, ಐದಕ್ಕ ಮತ್ತೊಂದು ಸಣ್ಣ ಗುಡ್ಡ. ಅಕ್ಕಾರ ಲೆಕ್ಕದಾಗ ಬಿರುಕು ಒಂದೊಂದು ಒಂದೊಂದು ಹೊತ್ತಿಗೆ ಬಿಡತಾವ. ಹಂಗಾಗಿ ಎರಡನೇ ಗುಡ್ಡ ಬರಾಕ ಸಾಧ್ಯ ಇಲ್ಲ. ಮೂರರಿಂದ ಬರೇ ಇಳಕೋಂತ ಹೋಗಬೇಕು."

"ಹಲಗಿ ಹೊಡದಾವ ಯಾರು ಮತ್ತ?" ಎಂದರು ನಮ್ಮ ಮನೆಯವರು.

"ಅದನ್ನ ಕಡಗ ಹೇಳಂಗಿಲ್ರಿ ಭಾವಾರ" ಎಂದಳು. ಜನ ನಕ್ಕರು. ನಮ್ಮ ಮನೆಯವರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮೂರಕ್ಕೆ ಮುನ್ನೂರು, ಐದಕ್ಕೆ ನೂರಾ ಮೂವತ್ತನಾಲ್ಕು ಎಂದು ಕೊಕ್ಕರೆ ಅಕ್ಷರದಲ್ಲಿ ಬರೆದು ಮಾಸ್ತರರ ಕೈಗೆ ಕೊಟ್ಟಳು. ನನ್ನ ಲೆಕ್ಕದಲ್ಲಿ ಐದಕ್ಕೆ ಅರವತ್ತರ ಮೇಲೆ ಬರುವಂತಿರಲಿಲ್ಲ. "ಈ ಸಲ ಎಲ್ಲಾರೂ ಮಲ್‌ಮಲ್ ಹಾಸೂಣು" ಎಂದರು ಮಾಸ್ತರರು. "ನೂಲು ಸಣ್ಣದಿದ್ರ ಐದನೇ ಕಡಗದ ಕಲೆ ನಿಲ್ಲತಾವ. ಹಲಗಿ ಮ್ಯಾಲ ಯಾರ ಹೆಸರು ಅನ್ನೂದು ಅಲ್ಲಿಗೆ ತೀರತೈತಿ. ಏನಂತಿ ಗುರುಸಿದ್ದವ್ವಾ?"

"ತೀರಲಿರಿ" ಎಂದೆ.

ಮನೆಗೆ ಬಂದು ಒಲೆಯ ಮುಂದೆ ಕೂತೆ. ಎಲ್ಲಾ ಕೂಡೇ ಎದ್ದಾವ, ಅನ್ನುವ ಮಾತು ಕಿವಿಯಿಂದ ಹೋಗಲೇ ಇಲ್ಲ. ತನಗೆ ಬೇಕಾದಾಗ ಬಿಡುವ ಬಿರುಕನ್ನು ನಾನು ಸುಮ್ಮನೆ ಆರಿಸಿಕೊಂಡವಳಲ್ಲ. ನಲವತ್ತೆರಡಕ್ಕೆ ಅ ಆ ತಿದ್ದಿದವಳಿಗೆ, ಜಗತ್ತಿನಲ್ಲಿ ಯಾವುದೂ ತಡವಾಗಿ ಶುರುವಾಗಲಿಲ್ಲ, ಎಲ್ಲಾ ಒಂದೇ ಏಟಿಗೆ ಎದ್ದವು ಎಂದರೆ ಹೇಗಿರುತ್ತದೆ? ಅದನ್ನು ಹೇಳಿದವಳು ಬೇರೆ ಯಾರಾದರೂ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ಅವಳಾಗಿದ್ದಳು.

ಸೂಟಿಯ ದಿನ ಬಂತು. ಚಕ್ಕಡಿ ಜ್ವರದವರನ್ನೂ ಕೋಳಿಗಳನ್ನೂ ಹೇರಿಕೊಂಡು ಹೋಯಿತು. ನಾನೂ ಶಿವಲೀಲಾಳೂ ನಮ್ಮ ಮಾಳಿಗೆಯ ಮೇಲೆ ಮಲ್‌ಮಲ್ ಹಾಸಿದೆವು. ಆ ತುದಿ ಅವಳು ಹಿಡಿದಳು, ಈ ತುದಿ ನಾನು. ಬಟ್ಟೆ ಎಷ್ಟು ತೆಳುವಾಗಿತ್ತೆಂದರೆ ಒಂದು ಸುಕ್ಕು ತೆಗೆಯಲು ಇಬ್ಬರೂ ಉಸಿರು ಹಿಡಿದು ನಿಂತೆವು. "ಅಕ್ಕಾರ, ನನಗ ಎದಿ ಡವಡವ ಅನ್ನಾಕತ್ತೈತ್ರಿ" ಎಂದು ನಕ್ಕಳು. ನಾನು ನಗಲಿಲ್ಲ. ಇಬ್ಬರೂ ಕೆಳಗಿಳಿದೆವು. ಊರೆಲ್ಲ ಬೀದಿಯಲ್ಲಿ ಚಾಪೆ ಹಾಸಿಕೊಂಡು ತಂಗಳು ತಿನ್ನುತ್ತ ಕೂತಿತ್ತು. ಅವಳ ಸುತ್ತ ಹತ್ತು ಹೆಂಗಸರು. ಹಲಗೆ ಹೇಗೆ ಹೊಡೆದೆ, ಎಷ್ಟು ಎಣಿಸಿದೆ ಎಂದು ಕೇಳುತ್ತಿದ್ದರು. ನನ್ನ ಕೆಸರಿನ ಬಗ್ಗೆ ಹತ್ತೊಂಬತ್ತು ವರ್ಷದಲ್ಲಿ ಅಷ್ಟು ಪ್ರಶ್ನೆ ಯಾರೂ ಕೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಾನು ಎದ್ದೆ. "ಮಾಳಿಗಿ ಮ್ಯಾಲ ಕಾಗಿ ಬಂದಂಗಾತು, ಓಡಿಸಿ ಬರತೇನಿ" ಎಂದೆ. ಕಡಗ ಹಿಡಿಯುವವಳ ಮೇಲೆ ಯಾರಿಗೆ ಅನುಮಾನ?

ಮಾಳಿಗೆ ಹತ್ತಿದೆ. ಬಟ್ಟೆ ಅರ್ಧ ಆರಿತ್ತು. ಮೂರನೆಯ ಕಡಗದ ದೊಡ್ಡ ಕಲೆಗಳು ಎದ್ದು ಕಾಣುತ್ತಿದ್ದವು. ಅವುಗಳ ನಡುವೆ, ನೀಲಿಯ ಒಳಗೆ, ಕೂಸಿನ ಬಳೆಯಷ್ಟು ಸಣ್ಣ ಕಲೆಗಳು ಅಲ್ಲಲ್ಲಿ ಬೆಳ್ಳಗಾಗುತ್ತಿದ್ದವು. ಎಣಿಸಬೇಕಾಗಿರಲಿಲ್ಲ, ಇಪ್ಪತ್ತಾರು ವರ್ಷದ ಕಣ್ಣು ನನ್ನದು. ಅವಳ ಎರಡನೆಯ ಗುಡ್ಡ ನನ್ನ ಕಾಲ ಬುಡದಲ್ಲೇ ಏಳುತ್ತಿತ್ತು.

ಸಣ್ಣ ಕಲೆಗಳ ನಡುವಿನ ಹಸಿಯನ್ನು ಆರಿಸಿಬಿಟ್ಟರೆ ಒಂದಕ್ಕೊಂದು ಕೂಡಿ ದೊಡ್ಡ ಕಲೆಗಳಾಗುತ್ತವೆ. ಐದನೆಯ ಕಡಗಕ್ಕೆ ಏನೂ ಉಳಿಯುವುದಿಲ್ಲ. ಒಲೆ ಬೇಡ, ಕೆಂಡ ಬೇಡ. ಅಂಗೈ ಅಗಲ ಬಿಸಿ ಸಾಕು, ಅದು ನನ್ನ ಹತ್ತಿರವೇ ಇತ್ತು. ಅವತ್ತು ನನ್ನ ಕೈಗಳು ಉರಿಯುತ್ತಿದ್ದವು. ಮಂಡಿ ಊರಿ, ಬಟ್ಟೆಗೆ ತಾಗದ ಹಾಗೆ ಒಂದು ನೂಲು ಮೇಲೆ ಎರಡೂ ಅಂಗೈ ಹಿಡಿದೆ. ಒಂದು ಕಡೆ ಆದ ಮೇಲೆ ಇನ್ನೊಂದು ಕಡೆ. ಹದಿನೆಂಟು ಸಲ ಹಿಡಿದೆ. ಎಣಿಸಬೇಕೆಂದು ಎಣಿಸಿದ್ದಲ್ಲ, ನನ್ನ ಬಾಯಿ ತಾನಾಗಿಯೇ ಎಣಿಸುತ್ತಿತ್ತು.

ಇಳಿಯುವಾಗ ಮೆಟ್ಟಿಲ ಮೇಲೆ ತಣ್ಣೀರಿನ ಬೋಗುಣಿ ಕಂಡಿತು. ಅದರ ಅಂಚಿನ ಕಲ್ಲು ಒದ್ದೆಯಾಗಿತ್ತು. ಹತ್ತುವಾಗ ನಾನು ಕೈ ಅದ್ದಿ, ನೂರು ಎಣಿಸಿ, ಸೆರಗಿಗೆ ಒರೆಸಿಕೊಂಡೇ ಹತ್ತಿದ್ದೆ. ಬಟ್ಟೆ ಕೆಡಿಸಲು ಹೋಗುವಾಗಲೂ ಪದ್ಧತಿ ಮೀರಿರಲಿಲ್ಲ. ಬೆರಳು, ಅಂಗೈಯ ಅಂಚು ಎಲ್ಲ ತಣ್ಣಗಾಗಿ, ನಡುವಿನ ಕುಳಿಯಲ್ಲಿ ಮಾತ್ರ ಬಿಸಿ ಉಳಿದಿತ್ತು. ಕಲೆ ಕೂಡಿಸುವಷ್ಟು ಅಗಲ ನನ್ನ ಕೈಗೆ ಇರಲೇ ಇಲ್ಲ. ಅದು ನನಗೆ ಹೊಳೆದದ್ದು ನಾಲ್ಕು ದಿನ ಬಿಟ್ಟು, ಎಣಿಕೆಯಲ್ಲಿ ನಮ್ಮ ಮಾಳಿಗೆಯ ಬಟ್ಟೆಗೆ ಬಂದಾಗ.

ಎಣಿಕೆ ಎಲ್ಲರೆದುರು ನಡೆಯುತ್ತದೆ. ನಾನು ಕಡಗ ಇಡುವುದು, ಶಿವಲೀಲಾ ಬರೆಯುವುದು, ಮಾಸ್ತರರು ಕುರ್ಚಿಯಲ್ಲಿ ಕೂತು ನೋಡುವುದು. "ಮೂರು" ಎಂದೆ. "ಮೂರು" ಎಂದು ಬರೆದಳು. "ಐದು." "ಐದು." ನಮ್ಮ ಮಾಳಿಗೆಯ ಬಟ್ಟೆಗೆ ಬಂದಾಗ ನನ್ನ ಮುಂದೆ ದುಂಡನೆಯ ಬಿಳಿಯ ಕಲೆಗಳು ಜೋಡಿಜೋಡಿಯಾಗಿ ಕೂತಿದ್ದವು. ಒಂದೂ ಒಂದಕ್ಕೊಂದು ಕೂಡಿರಲಿಲ್ಲ. ಕಡಗ ಇಟ್ಟೆ. ಐದನೆಯದಕ್ಕೆ ಅಚ್ಚುಕಟ್ಟಾಗಿ ಕೂತಿತು. ಅದರ ಎಡಕ್ಕಿದ್ದ ಕಲೆಯ ಒಳಗೆ ಸಣ್ಣದೊಂದು ನೀಲಿ ಗೆರೆ. ನನ್ನ ಎಡ ಅಂಗೈಯಲ್ಲಿ, ಹೊಸ ಮದುವಣಗಿತ್ತಿಯಾಗಿದ್ದಾಗ ರೊಟ್ಟಿಯ ಹಂಚು ಸುಟ್ಟ ಗಾಯದ ಗೆರೆಯಿದೆ. ಅಲ್ಲಿ ಚರ್ಮ ಸತ್ತಿದೆ, ಬಿಸಿ ಬರುವುದಿಲ್ಲ.

"ಅಕ್ಕಾರ?" ಎಂದಳು ಶಿವಲೀಲಾ, ಬರೆಯಲು ಕಾಯುತ್ತ.

"ಐದು" ಎಂದೆ. ಬೇರೆ ಏನು ಹೇಳಲಿ? ಹದಿನೆಂಟು ಜೋಡಿಗೂ ಐದು, ಐದು ಎನ್ನುತ್ತ ಹೋದೆ. ಅವಳ ಗುಡ್ಡಕ್ಕೆ ನನ್ನ ಕೈಯಾರೆ ಮೂವತ್ತಾರು ಬುಟ್ಟಿ ಮಣ್ಣು ಹೊತ್ತು ಹಾಕಿದ್ದೆ.

ಒಟ್ಟು ಕೂಡಿಸಿದಾಗ ಮೂರಕ್ಕೆ ಮುನ್ನೂರಾ ಎರಡು. ನಾಲ್ಕಕ್ಕೆ ತಗ್ಗು. ಐದಕ್ಕೆ ನೂರಾ ಎಪ್ಪತ್ತನಾಲ್ಕು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಗುಡ್ಡ ಏನೋ ಐತಿ" ಎಂದರು. "ಗುರುಸಿದ್ದವ್ವನ ಲೆಕ್ಕದಾಗ ಗುಡ್ಡ ಇರಬಾರದಿತ್ತು. ಅದು ಹೊಂದಲಿಲ್ಲ. ಆದರ ಶಿವಲೀಲಾ, ನಿನ್ನ ಲೆಕ್ಕದ ಮ್ಯಾಲ ನಲವತ್ತು ಹೆಚ್ಚಾತಲ್ಲವಾ. ಹನ್ನೆರಡು ಅಂದ್ರ ಹನ್ನೆರಡು. ನಿಂದೂ ಹೊಂದಲಿಲ್ಲ. ಹೊಸಾದು ಹೊಂದೂತನಕ ಹಳೇದ ಇರಲಿ."

ಹಲಗೆಯ ಮೇಲೆ ನನ್ನ ಹೆಸರು ಉಳಿಯಿತು. ಜನ ಎದ್ದು ಹೋದರು. ಶಿವಲೀಲಾ ಬರೆದ ಹಾಳೆಯನ್ನೇ ನೋಡುತ್ತ ಕೂತಿದ್ದಳು. ಅವಳ ಮುಖ ನೋಡಿ ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಯಿತು. ಅವತ್ತು ರೊಟ್ಟಿ ಎರಡು ಹೆಚ್ಚು ತಿಂದೆ. ಮರುದಿನ ಬೆಳಿಗ್ಗೆ ಶಾಲೆಯ ಮುಂದೆ ಹಾದುಹೋಗುವಾಗ ಮಕ್ಕಳು ರಾಗವಾಗಿ ಓದುತ್ತಿದ್ದರು, "ಮೊದಲು ಎಲ್ಲ ಒಂದೇ ಹದದ ಕೆಸರು. ಆರುತ್ತ ಬಿರಿಯಿತು." ನಿಂತು ಪೂರ್ತಿ ಕೇಳಿಸಿಕೊಂಡೆ.

ಮೂರು ವಾರ ಶಿವಲೀಲಾ ಅಂಗಳಕ್ಕೆ ಬರಲಿಲ್ಲ. ಗೋಡೆಯಾಚೆಯಿಂದ ಒಮ್ಮೊಮ್ಮೆ ಹಲಗೆಯ ಸದ್ದು ಕೇಳುತ್ತಿತ್ತು, ಒಂದೇ ಏಟು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮೈದುನ ಬಂದು, "ಅತ್ತಿಗಿ, ಒಂದೀಟು ಬುದ್ಧಿ ಹೇಳ್ರಿ ಆಕಿಗೆ. ಊಟ ಇಲ್ಲ, ಮಾತಿಲ್ಲ. ಎಲ್ಲಿ ತಪ್ಪಿದೆ ಎಲ್ಲಿ ತಪ್ಪಿದೆ ಅಂತಾಳ" ಎಂದ. "ತಪ್ಪಿದವರು ತಾವ ಹುಡುಕಬೇಕು" ಎಂದೆ.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಅವಳು ಓಡಿಬಂದಳು. ಕೂದಲು ಬಾಚಿರಲಿಲ್ಲ. ನಮ್ಮ ಮಾಳಿಗೆಯ ಬಟ್ಟೆಯನ್ನು ಮಾಸ್ತರರಿಂದ ಕೇಳಿ, ಕೌದಿಯಿಂದ ಬಿಚ್ಚಿ ತಂದಿದ್ದಳು. ಅಂಗಳದಲ್ಲಿ ಹಾಸಿ ನನ್ನ ಕೈ ಹಿಡಿದು ಕೂರಿಸಿದಳು.

"ಅಕ್ಕಾರ, ಸಿಕ್ತು! ಈ ಕಲೆ ನೋಡ್ರಿ. ಒಳಗ ಗೆರಿ ಐತಿ. ಇಲ್ಲಿ ನೋಡ್ರಿ, ಇಲ್ಲೂ ಐತಿ. ನನ್ನ ಅಲೆಯೊಳಗ ಇಂಥಾ ಗೆರಿ ಬರಾಕ ಸಾಧ್ಯನ ಇಲ್ಲ. ಇದು ಏನು ಹೇಳ್ರಿ ನೋಡೂಣು?"

ನಾನು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

"ಬಿರುಕು ರೀ! ನಿಮ್ಮ ಬಿರುಕು!" ಎಂದಳು. ಕಣ್ಣಲ್ಲಿ ನೀರಿತ್ತು. "ಅಲೆ ಕೂಡೇ ಎದ್ದಾವ, ಅದೂ ಖರೆ. ಮ್ಯಾಲ ಅಲ್ಲಲ್ಲಿ ಬಿರುಕೂ ಬಿಟ್ಟೈತಿ, ಅದೂ ಖರೆ. ನೂರಾ ಮೂವತ್ತನಾಕು ನನ್ನವು, ನಲವತ್ತು ನಿಮ್ಮವು. ಕೂಡಿಸ್ರಿ, ನೂರಾ ಎಪ್ಪತ್ತನಾಕು! ಮಾಸ್ತರಿಗೆ ಹೇಳೇನಿ. ಮುಂದಿನ ಸೂಟಿಗೆ ಇಬ್ಬರೂ ಕೂಡೇ ಬರದು ಕೊಡೂಣ್ರಿ. ಹಲಗಿ ಮ್ಯಾಲ ಇಬ್ಬರ ಹೆಸರೂ. ನಿ‍ಮ್ಮ ಹೆಸರು ಮೊದಲು."

ಹಾಳೆ ತಂದಿದ್ದಳು. ಕೊಕ್ಕರೆಗಳ ಸಾಲು. ಮೇಲೆ ಗುರುಸಿದ್ದವ್ವ, ಕೆಳಗೆ ಶಿವಲೀಲಾ.

ನಾನು ಸಹಿ ಹಾಕಿ ಸುಮ್ಮನಿದ್ದರೆ ಈ ಊರು ನಾನು ಸತ್ತ ಮೇಲೂ ನನ್ನ ಹೆಸರು ಓದುತ್ತಿತ್ತು. ಆ ಆಸೆ ನನಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನನ್ನ ಹೆಸರನ್ನು ಅವಳು ಮೊದಲು ಬರೆದಿದ್ದಳು. ಅದೇ ನನಗೆ ತಡೆಯಲಾಗಲಿಲ್ಲ. ನಾನು ಅವಳ ಜಾಗದಲ್ಲಿದ್ದರೆ ನನ್ನ ಹೆಸರನ್ನೇ ಮೊದಲು ಬರೆಯುತ್ತಿದ್ದೆ. ಅವಳ ಹೆಸರು ಬರೆಯುತ್ತಿದ್ದೆನೋ ಇಲ್ಲವೋ. ಅಕ್ಷರ ಅವಳದು, ರೊಟ್ಟಿ ಅವಳದು, ನಗು ಅವಳದು, ಸರಿಯಾದ ಲೆಕ್ಕ ಅವಳದು. ಈಗ ದೊಡ್ಡ ಮನಸ್ಸೂ ಅವಳದೇ ಆಗಬೇಕೆ? ನನಗೆ ಅಂತ ಈ ಊರಿನಲ್ಲಿ ಒಂದೇ ಒಂದು ಉಳಿದಿತ್ತು, ಆ ಮೂವತ್ತಾರು ಕಲೆ. ನಾನು ಹೊಟ್ಟೆಕಿಚ್ಚಿನಿಂದ ಮಾಡಿದ್ದು. ಅದನ್ನೂ ಎತ್ತಿಕೊಂಡು ಹೋಗಿ ಜಗತ್ತಿನ ಶುರುವಿಗೆ ಹಚ್ಚುತ್ತಿದ್ದಳು. ನನ್ನ ಸುಟ್ಟ ಗಾಯದ ಗೆರೆಯನ್ನು ಮಕ್ಕಳು ನಾಳೆ ರಾಗವಾಗಿ ಓದುತ್ತಾರೆ.

"ಕೊಡಂಗಿಲ್ಲ" ಎಂದೆ.

"ಏನ್ರೀ?"

"ಅವು ನನ್ನವು. ಕೊಡಂಗಿಲ್ಲ." ಎಡಗೈ ಚಾಚಿ ಗೆರೆಯಿದ್ದ ಕಲೆಯ ಮೇಲೆ ಇಟ್ಟೆ. ತೆಗೆದು, ಅಂಗೈ ಮೇಲೆ ಮಾಡಿ ಅವಳ ಮುಖದ ಮುಂದೆ ಹಿಡಿದೆ. ಅವಳು ಅಂಗೈ ನೋಡಿದಳು, ಬಟ್ಟೆ ನೋಡಿದಳು, ಮತ್ತೆ ಅಂಗೈ ನೋಡಿದಳು. ಹಂಚಿನ ಗಾಯದ ಕಥೆ ಅವಳಿಗೆ ಗೊತ್ತಿತ್ತು.

"ಕಾಗಿ" ಎಂದಳು ಮೆಲ್ಲಗೆ. "ಕಾಗಿ ಓಡಸಾಕ ಹೋಗಿದ್ರಿ."

"ಕಾಗಿ ಇರಲಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕೇಳಿದಳು, "ಎಷ್ಟು ಸಲ ಹಿಡದ್ರಿ?"

"ಹದಿನೆಂಟು. ಎರಡೂ ಕೈ."

"ಖಾತ್ರಿ ಏನ್ರಿ? ಎಣಿಸಿದ್ರಿ?"

"ಎಣಿಸದ ಇರತೇನೇನ ನಾನು?" ಎಂದು ಗದರಿದೆ.

ನೆಲದ ಮೇಲೆ ಬೆರಳಿನಿಂದ ಬರೆದಳು. ನೂರಾ ಎಪ್ಪತ್ತನಾಲ್ಕು, ಕೆಳಗೆ ಮೂವತ್ತಾರು, ಒಂದು ಗೆರೆ. ನೂರಾ ಮೂವತ್ತೆಂಟು. ಅವಳ ಲೆಕ್ಕಕ್ಕಿಂತ ನಾಲ್ಕೇ ಹೆಚ್ಚು, ಹನ್ನೆರಡರ ಮಾಫಿಯ ಒಳಗೆ. ಅದನ್ನು ನೋಡುತ್ತ ಕೂತಳು. ಆಮೇಲೆ ಅಂಗೈಯಿಂದ ಆ ಅಂಕಿಗಳನ್ನು ಒರೆಸಿಬಿಟ್ಟಳು. "ಮೂರು ವಾರ" ಎಂದಳು. "ಮೂರು ವಾರ ನಾನು ನನ್ನ ತಲಿ ಕೆಟ್ಟೈತಿ ಅಂದಕೊಂಡಿದ್ದೆ. ಗ್ವಾಡಿ ಆ ಕಡೆ ನೀವು ರೊಟ್ಟಿ ಬಡಿಯೂ ಸಪ್ಪಳ ಕೇಳಕೋಂತ ಕುಂದರತಿದ್ದೆ. ಅಕ್ಕಾ ಒಂದ ಮಾತು ಹೇಳಿದ್ರ ಸಾಕು ಅಂತ." ಹಾಳೆಯನ್ನು ಎತ್ತಿ ಮಡಚಿ ಮಡಚಿ ಬೆರಳಿನಷ್ಟು ಮಾಡಿದಳು. "ಹೊಟ್ಟಿಕಿಚ್ಚು ಇತ್ತಂದ್ರ ಬೈಬೇಕಿತ್ತು ನನಗ. ಕೂದಲಾ ಹಿಡದು ಜಗ್ಗಬೇಕಿತ್ತು. ಬಟ್ಟಿ ಮುಟ್ಟಬಾರದಿತ್ತು ನೀವು. ನೀವು ಮುಟ್ಟಬಾರದಿತ್ತು." ಎದ್ದು ಹೋದಳು. ಬಾಗಿಲು ಹಾಕಿಕೊಂಡಳು.

ನಾನೇ ಹೋಗಿ ಮಾಸ್ತರರಿಗೆ ಹೇಳಿದೆ. ಮಾಸ್ತರರು ಬಹಳ ಹೊತ್ತು ಕೋಲಿನ ತುದಿಯಿಂದ ನೆಲ ಕೆದಕಿದರು. "ಬೋಗುಣಿ ನೀರಾಗ ಕೈ ಅದ್ದಿ ಹೋಗಿದ್ದೇನ?" ಎಂದು ಕೇಳಿದರು. ಹೌದೆಂದೆ. ಅವರಿಗೆ ನಗು ಬಂತು, ನಗಬಾರದೆಂದು ಕೆಮ್ಮಿದರು. ಆಮೇಲೆ ಕೈ ಚಾಚಿದರು. ಸೊಂಟದಿಂದ ಕಡಗಗಳ ಗೊಂಚಲು ಬಿಚ್ಚಿ ಕೊಟ್ಟೆ.

ಹಲಗೆ ಒರೆಸುವುದಕ್ಕೆ ನಮ್ಮಲ್ಲಿ ಪದ್ಧತಿಯಿದೆ. ಯಾರ ಲೆಕ್ಕ ಹೋಗುತ್ತದೋ ಅವರೇ ಒರೆಸಬೇಕು, ಹೊಸದನ್ನೂ ಅವರೇ ಬರೆಯಬೇಕು. ಊರೆಲ್ಲ ನಿಂತಿತ್ತು. ನಮ್ಮ ಮನೆಯವರು ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಒದ್ದೆ ಅರಿವೆಯಿಂದ ಒರೆಸಿದೆ. ಹತ್ತೊಂಬತ್ತು ವರ್ಷದ ಸುಣ್ಣ ಒಂದೇ ಸಲಕ್ಕೆ ಹೋಗಲಿಲ್ಲ, ಮೂರು ಸಲ ತಿಕ್ಕಬೇಕಾಯಿತು. "ಮೊದಲು ಒಂದು ಏಟು. ಎಲ್ಲ ಅಲೆಗಳೂ ಕೂಡಿಯೇ ಎದ್ದವು" ಎಂದು ಬರೆದೆ. ನನ್ನ ಕುರಿ ಅಕ್ಷರಗಳು ಒಂದು ಮೇಲೆ ಒಂದು ಕೆಳಗೆ ಹೋದವು. ಶಿವಲೀಲಾ ಎಂದು ಬರೆಯುವಾಗ ಲಕಾರಕ್ಕೆ ದೀರ್ಘ ಕೊಡಲು ಕೈ ಬರಲಿಲ್ಲ. ಮತ್ತೆ ಸುಣ್ಣ ಅದ್ದಿ ಕೊಟ್ಟೆ.

ನಾನು ಇಳಿದು ಬಂದ ಮೇಲೆ ಅವಳು ಹೋಗಿ ಸುಣ್ಣದ ಕಡ್ಡಿ ತೆಗೆದುಕೊಂಡಳು. ಕೆಳಗೆ ಒಂದು ಸಾಲು ಸೇರಿಸಿದಳು. "ಎಣಿಸುವ ಮೊದಲು ಅಕ್ಕನ ಅಂಗೈ ಕಳೆಯಬೇಕು." ಸಿಟ್ಟಿಗೆ ಬರೆದಳೋ ಬೇರೆ ಯಾವುದಕ್ಕೋ, ನನಗೆ ಇವತ್ತಿಗೂ ಗೊತ್ತಿಲ್ಲ. ಈಗ ಕೌದಿ ಎಣಿಸುವ ಮೊದಲು ಮನುಷ್ಯರ ಬಿಸಿಯಿಂದ ಆದ ಕಲೆಗಳನ್ನು ಹುಡುಕಿ ಬೇರೆ ತೆಗೆಯಬೇಕು ಎಂದಾಗಿದೆ. ಯಾರ ಮನೆಯದ್ದಾದರೂ ಅದಕ್ಕೆ ಅಕ್ಕನ ಅಂಗೈ ಎಂದೇ ಹೆಸರು. ಮಕ್ಕಳು ಬೆಳಿಗ್ಗೆ ಅದನ್ನೂ ರಾಗವಾಗಿ ಓದುತ್ತಾರೆ.

ಈ ವರ್ಷದ ಸೂಟಿ ಮೊನ್ನೆ ಆಯಿತು. ಶಿವಲೀಲಾ ಈಗ ಏಳನೆಯ ಕಡಗಕ್ಕೆ ಮೂರನೆಯ ಗುಡ್ಡ ಬರುತ್ತದೆ ಎಂದು ಬರೆದು ಕೊಟ್ಟಿದ್ದಾಳೆ. ಕಡಗಗಳ ಗೊಂಚಲು ಅವಳ ಸೊಂಟದಲ್ಲಿದೆ, ನಡೆಯುವಾಗ ಸದ್ದು ಮಾಡುತ್ತದೆ. ಬಟ್ಟೆ ಹಾಸಲು ಈ ತುದಿ ಹಿಡಿಯುವವರು ಬೇಕಾಗಿತ್ತು. ನನ್ನನ್ನು ಕರೆಯುವುದಿಲ್ಲ ಎಂದುಕೊಂಡಿದ್ದೆ. ಆದರೂ ಮೆಟ್ಟಿಲ ಮೇಲೆ ಕೂತು, ಬೋಗುಣಿ ಮಡಿಲಲ್ಲಿಟ್ಟುಕೊಂಡು, ಎರಡೂ ಕೈ ತಣ್ಣೀರಿನಲ್ಲಿ ಅದ್ದಿ ಎಣಿಸುತ್ತಿದ್ದೆ. ನೂರಾಯಿತು, ಇನ್ನೂರಾಯಿತು. ಅವಳು ಬಟ್ಟೆ ಹೊತ್ತು ಬಂದಳು, ಮಾಳಿಗೆ ಹತ್ತಲು ಸೀರೆಯ ನೆರಿಗೆ ಎತ್ತಿ ಕಟ್ಟಿದ್ದಳು, ಆ ವಯಸ್ಸಿಗೂ ಮೆಟ್ಟಿಲು ಏರುವುದು ಹುಡುಗಿಯ ಹಾಗೆ. ನನ್ನ ಪಕ್ಕ ನಿಂತು, ಬಾಗಿ, ಬೋಗುಣಿಯ ನೀರಿಗೆ ಒಂದು ಬೆರಳು ಅದ್ದಿ ನೋಡಿದಳು.

"ನಿಮ್ಮ ಕೈ ಇನ್ನೂ ಬೆಚ್ಚಗದಾವಲ್ರಿ" ಎಂದಳು.

"ಅದಾವ" ಎಂದೆ.

ಬೋಗುಣಿ ತೆಗೆದುಕೊಂಡು ಹೋಗಿ ನೀರು ಚೆಲ್ಲಿ, ಹೊಸ ನೀರು ತುಂಬಿ ತಂದು ನನ್ನ ಮಡಿಲಲ್ಲಿಟ್ಟಳು. ಹಸಿ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ನನ್ನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ನಾನು ಒಂದರಿಂದ ಎಣಿಸತೊಡಗಿದೆ.